ಅಂಗಳದ ಜಿಲ್ಲೆ

ಗೌರಿಬಿದನೂರು ಬರೆಯುವಷ್ಟರಲ್ಲಿ ಸುಣ್ಣದ ಪುಡಿ ಮುಗಿದುಹೋಯಿತು. ಆದಿಲಕ್ಷ್ಮಿ ಡಬ್ಬವನ್ನು ತಲೆಕೆಳಗು ಮಾಡಿ ತಟ್ಟಿದಳು. ತಳದಲ್ಲಿ ಉಳಿದಿದ್ದು ಪುಟ್ಟ ಗುಡಿಬಂಡೆಗೂ ಸಾಲುವಂತಿರಲಿಲ್ಲ.

"ರತ್ನಾ, ಬಿಸ್ಮಿಲ್ಲಾ ಬೀ ಹತ್ರ ಇನ್ನೊಂದು ಡಬ್ಬ ಸುಣ್ಣ ಈಸ್ಕೊಂಡ್ ಬಾ."

"ಗೋಡೆಗೆ ಅಂತ ಇಟ್ಕೊಂಡಿರೋದು, ಆಮೇಲೆ ಕೇಳ್ಬೇಡ ಅಂದ್ರು ಕಣಮ್ಮ."

"ಜಿಲ್ಲೆ ಅರ್ಧಕ್ಕೇ ನಿಂತೋಗಿದೆ ಅನ್ನು. ಕೊಡ್ತಾರೆ."

ಮಗಳು ಗಂಗರತ್ನ ಚರಂಡಿ ಹಾರಿ ಓಡಿದಳು. ಆದಿಲಕ್ಷ್ಮಿಯ ಎಡಗೈಯಲ್ಲಿ ನಾಲ್ಕನೇ ಕ್ಲಾಸಿನ ಪುಸ್ತಕವಿತ್ತು. ಪೇಟೆಯಲ್ಲಿ ಪರಿಚಯದವರ ಮನೆಯಿಂದ ಒಂದು ಹೊತ್ತಿಗೆಂದು ತಂದದ್ದು, ಸಂಜೆಗೆ ವಾಪಸು ಕೊಡಬೇಕು. ಅದರ ನಕ್ಷೆಯ ಪುಟ ನೋಡಿಕೊಂಡು ಅವಳು ಆಗಿನ್ನೂ ಇಬ್ಭಾಗವಾಗದ ಕೋಲಾರ ಜಿಲ್ಲೆಯನ್ನು ಅಂಗಳಕ್ಕೆ ಇಳಿಸುತ್ತಿದ್ದಳು. ದಿಕ್ಕು ತಪ್ಪಬಾರದೆಂದು ಪುಸ್ತಕವನ್ನು ತಿರುಗಿಸಿ ಹಿಡಿದಿದ್ದಳು. ಚಿಂತಾಮಣಿ ಇರುವ ಕಡೆಗೇ ಚಿಂತಾಮಣಿ ಬರಬೇಕು, ಕೋಲಾರ ಇರುವ ಕಡೆಗೇ ಕೋಲಾರ. ಸರ್ಕಾರ ಕಟ್ಟಿಸಿಕೊಟ್ಟ ಜನತಾ ಮನೆಯ ಬಾಗಿಲು ದಕ್ಷಿಣಕ್ಕಿತ್ತು. ಅಂಗಳದ ಆಚೆ ಅಂಚಿಗೆ ಚರಂಡಿ. ಹಾಗಾಗಿ ನೋಡುವವರೆಲ್ಲ ಹೊಸ್ತಿಲ ಮೇಲೆಯೇ ನಿಲ್ಲಬೇಕು. ಈಗ ಅಲ್ಲಿ ನಾಲ್ಕು ಮಕ್ಕಳು ಒಬ್ಬರ ಮೇಲೊಬ್ಬರು ಒರಗಿಕೊಂಡು ನಿಂತಿದ್ದವು.

ಎದುರು ಮನೆಯ ಪೆದ್ದಮ್ಮ ಕಡಲೆಕಾಯಿ ಬಿಡಿಸುತ್ತ ಕೂತಿದ್ದವಳು ಕೈ ನಿಲ್ಲಿಸಿ ನೋಡಿದಳು. ಆ ಕೇರಿಯಲ್ಲಿ ಇರುವೆ ಹೆಚ್ಚಾದರೆ ಹೀಗೆ ಸುಣ್ಣ ಉದುರಿಸುತ್ತಿದ್ದರು.

"ಏಮ್ಮೇ ಆದಿಲಕ್ಷ್ಮೀ, ಚೀಮಲು ವಚ್ಚಾಯಾ?"

"ಚೀಮಲು ಕಾದು ಪೆದ್ದಮ್ಮಾ, ಇರುವೆ ಅಲ್ಲ. ಕೋಲಾರ ಜಿಲ್ಲೆ."

"ಅಬ್ಬಬ್ಬ. ಅಷ್ಟು ದೊಡ್ಡದು ನಿನ್ ಅಂಗಳದಾಗೆ ಹಿಡೀತಾ?"

"ಹಿಡೀತು. ಸುಣ್ಣ ಸಾಲ್ದಾಯ್ತು ಅಷ್ಟೇ."

ಇದೆಲ್ಲ ಶುರುವಾದದ್ದು ಆ ವರ್ಷದ, ಅಂದರೆ ತೊಂಬತ್ತೊಂದರ, ಜುಲೈ ತಿಂಗಳಲ್ಲಿ, ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ. ಅದೇ ಕೇರಿಯ ಬಿಸ್ಮಿಲ್ಲಾ ಬೀಗೆ ಮುರುಗಮಲ್ಲದ ದರ್ಗಾಕ್ಕೆ ಹೋಗಬೇಕಿತ್ತು, ಮಂಡಿನೋವು, ಜೊತೆಗೆ ಯಾರಾದರೂ ಬೇಕು ಎಂದಿದ್ದಕ್ಕೆ ಆದಿಲಕ್ಷ್ಮಿ ಮಗಳನ್ನೂ ಕರೆದುಕೊಂಡು ಹೊರಟಿದ್ದಳು. ಎರಡು ಬಸ್ಸು ನಿಂತಿದ್ದವು.

"ಬೋರ್ಡ್ ನೋಡೇ, ಚಿಂತಾಮಣಿ ಬಸ್ಸು ಯಾವ್ದು?"

ಗಂಗರತ್ನ ಬೋರ್ಡಿನ ಕಡೆ ತಲೆ ಎತ್ತಲೇ ಇಲ್ಲ. "ಅದು. ಮೀಸೆ ಕಂಡಕ್ಟರ್‌ದು."

"ಕಂಡಕ್ಟರ್ ನೋಡಿ ಅಲ್ಲ. ಓದಿ ಹೇಳು."

ಹತ್ತು ವರ್ಷದ ಹುಡುಗಿ, ನಾಲ್ಕನೇ ಕ್ಲಾಸು. ಬೋರ್ಡಿನ ಮೇಲಿನ ನಾಲ್ಕು ಅಕ್ಷರಗಳನ್ನು ಗೋಡೆ ನೋಡುವಂತೆ ನೋಡಿದಳು. ಬಸ್ಸು ಹೊರಟುಹೋಯಿತು. ಬಿಸ್ಮಿಲ್ಲಾ ಬೀ ಗೊಣಗಿದಳು. ಆದಿಲಕ್ಷ್ಮಿ ಮಗಳ ಗದ್ದ ಹಿಡಿದು ಕೇಳಿದಳು.

"ಸ್ಕೂಲಲ್ಲಿ ಏನ್ ಹೇಳ್ಕೊಡ್ತಾರೆ ನಿಂಗೆ?"

"ಸೊಪ್ಪು ಕೊಯ್ಯೋದು."

ಅದನ್ನು ದೂರಿನಂತೆ ಹೇಳಲಿಲ್ಲ ಅವಳು. ಕೇಳಿದ್ದಕ್ಕೆ ಉತ್ತರ ಹೇಳಿದಳು, ಅಷ್ಟೇ. ವೆಂಕಟರಾಯಪ್ಪ ಮೇಷ್ಟ್ರಿಗೆ ಶಾಲೆಯ ಹಿಂದೆಯೇ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವಿತ್ತು, ಮನೆಯಲ್ಲಿ ರೇಷ್ಮೆಹುಳು. ಹುಳಕ್ಕೆ ದಿನಕ್ಕೆ ನಾಲ್ಕು ಸಲ ಸೊಪ್ಪು ಬೇಕು. ಬೆಳಿಗ್ಗೆ ಹಾಜರಿ ಕೂಗಿದ ಮೇಲೆ ಕಾಲೋನಿಯ ಮಕ್ಕಳು ತೋಟಕ್ಕೆ, ಮಿಕ್ಕವರು ಪಾಠಕ್ಕೆ. ಕೊಯ್ದ ಸೊಪ್ಪನ್ನು ಹುಳುಮನೆಯ ಬಾಗಿಲ ತನಕ ಹೊರಬಹುದು, ಒಳಗೆ ಕಾಲಿಡುವಂತಿಲ್ಲ. ಒಂದು ವರ್ಷ ಹುಳಕ್ಕೆ ಮೇವು ಕೊಯ್ದ ಗಂಗರತ್ನ ಒಂದೇ ಒಂದು ಹುಳುವನ್ನೂ ನೋಡಿರಲಿಲ್ಲ.

ಮಾರನೇ ದಿನ ಆದಿಲಕ್ಷ್ಮಿ ಶಾಲೆಗೆ ಹೋದಳು. ಮೇಷ್ಟ್ರಿಗೆ ಮುಜುಗರವೇನೂ ಆಗಲಿಲ್ಲ. ಹಾಜರಿ ಪುಸ್ತಕ ತೆಗೆದು ತೋರಿಸಿದರು.

"ನೋಡಮ್ಮ, ಒಂದು ದಿನಾನೂ ತಪ್ಪಿಸಿಲ್ಲ ನಿನ್ ಮಗಳು. ಚುರುಕು. ಎಳೇ ಸೊಪ್ಪು ಯಾವ್ದು, ಬಲಿತಿದ್ದು ಯಾವ್ದು, ಕಣ್ಮುಚ್ಕೊಂಡು ಹೇಳ್ತಾಳೆ."

"ಅ ಆ ಕೇಳಿದ್ರೆ ಹೇಳಲ್ವಲ್ಲ ಸಾರ್."

"ಅದಕ್ಕೇನು ಅವಸರ. ನೀನು ಎಸ್ಸೆಸ್ಸೆಲ್ಸಿ ಓದಿ ಏನ್ ಮಾಡ್ತಿದೀಯ? ಗೂಡು ಬೇಯಿಸ್ತಿದೀಯ."

ಮಾತು ನಿಜವಾಗಿತ್ತು. ಚಿಂತಾಮಣಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದಿದವಳು ಆದಿಲಕ್ಷ್ಮಿ. ಇಂಗ್ಲಿಷಿಗೆ ಎರಡು ಸಲ ಕೂತು ಎರಡನೇ ಸಲ ಪಾಸು ಮಾಡಿದ್ದಳು. ಈಗ ದಸ್ತಗಿರ್‌ನ ಬಿಚ್ಚಾಣಿಕೆ ಮನೆಯಲ್ಲಿ ಬೆಳಿಗ್ಗೆ ಆರರಿಂದ ಎರಡರವರೆಗೆ ಕುದಿಯುವ ಬಾಣಲೆಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲಿನ ತುದಿ ಹಿಡಿಯುವ ಕೆಲಸ. ಬೆರಳ ತುದಿಗಳು ಬೆಂದು ಬಿಳುಚಿ ಸಿಪ್ಪೆ ಏಳುತ್ತಿದ್ದವು. ಅವಳು ಹಾಜರಿ ಪುಸ್ತಕವನ್ನು ಮೇಷ್ಟ್ರ ಕಡೆಗೇ ತಳ್ಳಿ ಹೊರಬಂದಳು. ತೋಟಕ್ಕೆ ಹೋಗಿ ಮಗಳ ಕೈಯಲ್ಲಿದ್ದ ಸೊಪ್ಪಿನ ಹೊರೆಯನ್ನು ಅಲ್ಲೇ ಕೆಡವಿಸಿ ಮನೆಗೆ ಕರೆತಂದಳು.

ಗಂಡ ನಲ್ಲಪ್ಪ ಕರೆಂಟು ಕಂಬ ಹತ್ತುವ ಲೈನ್‌ಮನ್. ಸಂಜೆ ವಿಷಯ ಕೇಳಿ ಹಲ್ಲು ಕಡಿದ. ಆಮೇಲೆ ತಣ್ಣಗಾಗಿ ಕೇಳಿದ.

"ಬಿಡಿಸ್ಕೊಂಡ್ ಬಂದೆ ಸರಿ. ಮುಂದಕ್ಕೆ?"

"ನಾನೇ ಕಲಿಸ್ತೀನಿ."

"ಮನೇಲಾ? ನಗ್ತಾರೆ ಕಣೇ ಜನ."

"ಓದಕ್ ಬರ್ದೇ ಇದ್ದಾಗ ಯಾರೂ ನಗ್ಲಿಲ್ವಲ್ಲ. ಈಗ ನಗ್ಲಿ."

ಸುದ್ದಿ ಕೇರಿಯಲ್ಲಿ ಹಬ್ಬಿತು. ಇನ್ನೂ ಮೂರು ಮನೆಯವರು ತಮ್ಮ ಮಕ್ಕಳನ್ನು ತೋಟದಿಂದ ಎಳೆದುಕೊಂಡು ಬಂದು ಅವಳ ಹೊಸ್ತಿಲಲ್ಲಿ ಕೂರಿಸಿ ಹೋದರು. ಐದನೆಯವಳು ದಸ್ತಗಿರ್‌ನ ಮಗಳು ಷಮೀಮ್. ಉರ್ದು ಶಾಲೆ ಅವಳಿಗೆ ನಾಲ್ಕಕ್ಕೇ ಮುಗಿದಿತ್ತು. ಮುಂದಕ್ಕೆ ಪೇಟೆಯ ಮಿಡ್ಲ್ ಸ್ಕೂಲಿಗೆ ಸೇರಬೇಕಾದರೆ ಕನ್ನಡ ಬರಬೇಕು.

ಒಬ್ಬಳ ಕೈಲಿ ಆಗುವ ಕೆಲಸವಲ್ಲ ಎಂದು ವಾರದೊಳಗೇ ಗೊತ್ತಾಯಿತು. ಹಂಚಿಕೊಂಡರು. ಆದಿಲಕ್ಷ್ಮಿ ಬಾಣಲೆಯ ಮುಂದಿರುವಾಗ ಮಕ್ಕಳು ಬಿಸ್ಮಿಲ್ಲಾ ಬೀಯ ಅಂಗಳದಲ್ಲಿ. ಅವಳಿಗೆ ಯಾವ ಲಿಪಿಯೂ ಬಾರದು, ಆದರೆ ಮಗ್ಗಿಯನ್ನು ಇಪ್ಪತ್ತರ ತನಕ ಹಾಡುತ್ತಿದ್ದಳು. ಯಾರಾದರೂ ತಪ್ಪಿದರೆ ಕಿವಿ ಹಿಂಡುತ್ತಿದ್ದಳು. ಹತ್ತು ಗಂಟೆಗೆ ಒಲೆ ಆರಿಸಿ ಮತ್ತೆ ಹಚ್ಚುವ ನಡುವೆ ದಸ್ತಗಿರ್ ಲೆಕ್ಕ ಹೇಳಿಕೊಡಲು ಬರುತ್ತಿದ್ದ. ಅವನಿಗೆ ಬಳಪ ಹಿಡಿಯಲು ಬೇಜಾರು. ಚಾಪೆಯ ಮೇಲೆ ಗೂಡು ಸುರಿದು ಕೂರುತ್ತಿದ್ದ.

"ಎಂಟೂವರೆ ಕೆಜಿ ಗೂಡಿಗೆ ಒಂದು ಕೆಜಿ ನೂಲು. ಐವತ್ತೊಂದು ಕೆಜಿಗೆ ಎಷ್ಟು ಬರತ್ತೆ?"

"ಆರು, ಅಬ್ಬಾ," ಎಂದಳು ಷಮೀಮ್.

ಗಂಗರತ್ನ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. "ಗೂಡು ಒಳ್ಳೇದಾಗಿದ್ರೆ ಆರು. ಇದು ಒಳಗೆ ಸತ್ತೋಗಿದೆ."

ದಸ್ತಗಿರ್ ಆ ಗೂಡನ್ನು ಈಸಿಕೊಂಡು ತಾನೂ ಅಲ್ಲಾಡಿಸಿ ನೋಡಿದ. "ಇವಳನ್ನ ನಾಳೆ ಮಾರ್ಕೆಟ್‌ಗೆ ಕರ್ಕೊಂಡ್ ಹೋಗ್ಬೇಕಪ್ಪ. ನನಗಿಂತ ಇವಳ ಕಿವಿ ವಾಸಿ." ಕರೆದುಕೊಂಡೂ ಹೋದ. ಐದು ಮಕ್ಕಳು ಗೂಡಿನ ಮಾರುಕಟ್ಟೆಯ ತೂಕದ ಮುಂದೆ ಸಾಲಾಗಿ ನಿಂತು, ಮುಳ್ಳು ನಿಲ್ಲುವ ಮುಂಚೆಯೇ ತೂಕ ಊಹಿಸುವ ಆಟ ಆಡಿ ಬಂದವು. ಶನಿವಾರ ನಲ್ಲಪ್ಪ ಒಂದು ಟಾರ್ಚಿನ ಸೆಲ್ಲು, ಎರಡು ತುಂಡು ವೈರು, ಒಂದು ಪುಟ್ಟ ಬಲ್ಬು ತಂದು ಹೊಸ್ತಿಲಲ್ಲಿ ಕೂತ. ಬಲ್ಬು ಹೊತ್ತಿದಾಗ ಮಕ್ಕಳಿಗಿಂತ ಅವನೇ ಹೆಚ್ಚು ಹಿಗ್ಗಿದ.

ಮೊದಲ ದಿನವೇ ಆದಿಲಕ್ಷ್ಮಿ ದಸ್ತಗಿರ್‌ಗೆ ಒಂದು ಮಾತು ಹೇಳಿದ್ದಳು. ತನ್ನ ಬೆರಳುಗಳನ್ನು ಅವನ ಮುಂದೆ ಚಾಚಿ, "ಈ ನೀರಿಗೆ ಐದರಲ್ಲಿ ಒಬ್ಬರ ಬೆರಳೂ ಇಳೀಬಾರ್ದು ಅಣ್ಣ," ಎಂದಿದ್ದಳು. ದಸ್ತಗಿರ್ ಆ ಬೆರಳುಗಳನ್ನು ದಿನಾ ನೋಡುವವನೇ. ಆದರೂ ಬೇರೆ ಕಡೆ ನೋಡುತ್ತ, "ಇಳಿಯಲ್ಲಮ್ಮ," ಎಂದಿದ್ದ.

ಸೆಪ್ಟೆಂಬರ್ ಮೊದಲ ವಾರ ಅವಳು ಎಇಒ ಸಾಹೇಬರನ್ನು ಕಾಣಲು ಹೋದಳು. ತಾಲ್ಲೂಕಿನ ಶಾಲೆಗಳೆಲ್ಲ ಅವರ ಕೈಕೆಳಗೆ. ರಾಮಾಂಜಿನಪ್ಪ ಎಂದು ಹೆಸರು, ನಿವೃತ್ತಿಗೆ ಒಂದು ವರ್ಷವಿತ್ತು, ಯಾರು ಬಂದರೂ ಅವರಿಗೆ ಕಿರಿಕಿರಿ. ಪೂರ್ತಿ ಕೇಳಿಸಿಕೊಂಡು ಕನ್ನಡಕ ಒರೆಸಿದರು.

"ರೂಲ್ಸ್ ಪ್ರಕಾರ ಪರೀಕ್ಷೆ ಮಾಡಿ ಐದಕ್ಕೆ ಸೇರಿಸ್ಬಹುದು. ದೀಪಾವಳಿ ಆದ್ಮೇಲಿನ ಸೋಮವಾರ ಕರ್ಕೊಂಡು ಬಾ. ಪಾಸಾದ್ರೆ ಮಿಡ್ಲ್ ಸ್ಕೂಲಿಗೆ ಆರ್ಡರ್ ಬರ್ಕೊಡ್ತೀನಿ. ಆಗ್ಲಿಲ್ವೋ, ಷಮೀಮ್ ಮನೇಲಿರ್ತಾಳೆ, ನಿಮ್ಮ ಮಕ್ಕಳು ಅದೇ ಸ್ಕೂಲಿಗೆ, ಅದೇ ನಾಲ್ಕನೇ ಕ್ಲಾಸಿಗೆ ವಾಪಸ್. ಆಮೇಲೆ ನನ್ನ ಹತ್ರ ಬರ್ಬಾರ್ದು."

ಅದೇ ಶಾಲೆ ಎಂದರೆ ಅದೇ ತೋಟ. ಹೊರಗೆ ಬಂದು ಆದಿಲಕ್ಷ್ಮಿ ಬೆರಳು ಮಡಿಸಿ ಎಣಿಸಿದಳು. ಒಂಬತ್ತು ವಾರ ಇತ್ತು. ಅಂಗಳದಲ್ಲಿ ಮೊದಲ ಸಲ ಜಿಲ್ಲೆ ಬರೆದದ್ದು ಆ ವಾರವೇ.

ಹುಳು ತೋರಿಸಬೇಕೆಂದು ಅವಳು ಮಕ್ಕಳನ್ನು ಸಾದಲಿಗೆ ಕರೆದುಕೊಂಡು ಹೋದದ್ದು ಅದೇ ತಿಂಗಳ ಕೊನೆಗೆ. ಬಯ್ಯಪ್ಪ ಎಂಬ ರೈತ ದಸ್ತಗಿರ್‌ಗೆ ಗೂಡು ಹಾಕುವವನು. ಅವನು ಹುಳುಮನೆಯ ಬಾಗಿಲಿಗೆ ಅಡ್ಡ ನಿಂತ.

"ಹೊರಗಿನೋರು ಬಂದ್ರೆ ಹುಳಕ್ಕೆ ಸೀಕು ಬರತ್ತಮ್ಮ. ಯಾರನ್ನೂ ಬಿಡಲ್ಲ ನಾವು."

ಅದು ಸುಳ್ಳಲ್ಲ, ಯಾವ ಹುಳುಮನೆಗೂ ಹೊರಗಿನವರನ್ನು ಬಿಡುವುದಿಲ್ಲ. ಆದರೆ ಬಯ್ಯಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಬೇಕಾದ್ರೆ ಸಾಬ್ರ ಮಗಳೊಬ್ಬಳು ಬಂದು ನೋಡ್ಕೊಂಡ್ ಹೋಗ್ಲಿ," ಎಂದ. ಎಲ್ಲರಿಗೂ ಅರ್ಥವಾಯಿತು. ಷಮೀಮ್‌ಗೂ ಅರ್ಥವಾಯಿತು.

"ನಂಗೂ ಸೀಕಿದೆ," ಎಂದು ಅವಳು ಗಂಗರತ್ನಳ ಪಕ್ಕ ಮಣ್ಣಿನಲ್ಲಿ ಕೂತುಬಿಟ್ಟಳು.

ಬಯ್ಯಪ್ಪ ತೋಟದ ಕಡೆ ಹೋದ ಮೇಲೆ ಅವನ ತಾಯಿ ಮುನಿಶಾಮಮ್ಮ ಹಿತ್ತಿಲ ಗೋಡೆಯ ಮೇಲಿಂದ ಒಂದು ಮುತ್ತುಗದ ಎಲೆಯ ಪೊಟ್ಟಣ ಇಳಿಬಿಟ್ಟಳು. ಒಳಗೆ ಸೊಪ್ಪಿನ ಮೇಲೆ ಹನ್ನೆರಡು ಹುಳುಗಳಿದ್ದವು. "ನನ್ ಮಗಂಗೆ ಹೇಳ್ಬೇಡ. ದಿನಾ ಹೊಸಾ ಸೊಪ್ಪು ಹಾಕು, ಹೊಗೆ ತಾಕಿಸ್ಬೇಡ," ಎಂದಳು. ಬಸ್ಸಿನಲ್ಲಿ ಆ ಪೊಟ್ಟಣ ಗಂಗರತ್ನಳ ಮಡಿಲಲ್ಲಿತ್ತು. ಶಿಡ್ಲಘಟ್ಟ ಬರುವ ತನಕ ಅವಳು ಮುಚ್ಚಳದಂತೆ ಎರಡು ಕೈಯನ್ನೂ ಮುಚ್ಚಿ ಹಿಡಿದಿದ್ದಳು. ಮನೆಯಲ್ಲಿ ಮೊರದ ಮೇಲೆ ಬಿಟ್ಟು ಸಾಕಿದರು. ಒಂದು ಹುಳಕ್ಕೆ ಹದಿನಾರು ಕಾಲು ಎಂದು ಎಣಿಸಿದರು. ಮೂರು ಸತ್ತವು. ಒಂಬತ್ತು ಗೂಡು ಕಟ್ಟಿದವು.

ನಕ್ಷೆ ಮಾತ್ರ ಅಂಗಳದಲ್ಲಿ ನಿಲ್ಲುತ್ತಿರಲಿಲ್ಲ. ವಾರಕ್ಕೆ ಎರಡು ಸಲವಾದರೂ ಮಳೆ. ಒಂದು ಮಳೆಗೆ ಮುಳಬಾಗಿಲು, ಶ್ರೀನಿವಾಸಪುರ ಹರಿದು ಹೋಗುತ್ತಿದ್ದವು, ಇನ್ನೊಂದಕ್ಕೆ ಇಡೀ ಜಿಲ್ಲೆಯೇ ಚರಂಡಿಗೆ ಸೇರುತ್ತಿತ್ತು. ಪುಸ್ತಕ ವಾಪಸು ಕೊಟ್ಟಾಗಿತ್ತು. ಮಳೆ ನಿಂತ ಮೇಲೆ ಮಕ್ಕಳೇ ನೆನಪಿನಿಂದ ಬರೆಯಬೇಕು. ಮೊದಮೊದಲು ಜಗಳ ಆಗುತ್ತಿತ್ತು.

"ಗುಡಿಬಂಡೆ ಇನ್ನೂ ಈ ಕಡೆಗೆ ಕಣೇ, ಹೊಸ್ತಿಲಿಗೆ ಹತ್ರ."

"ನಿಮ್ಮಜ್ಜಿ ಊರು ಅಂತ ಎಲ್ಲಿಬೇಕೋ ಅಲ್ಲಿಡ್ತೀಯಾ?"

ಅಕ್ಟೋಬರ್ ಹೊತ್ತಿಗೆ ಜಗಳ ನಿಂತಿತು. ಹನ್ನೊಂದು ತಾಲ್ಲೂಕನ್ನೂ ಐವರಲ್ಲಿ ಯಾರು ಬೇಕಾದರೂ ಬರೆಯುತ್ತಿದ್ದರು. ಪೆದ್ದಮ್ಮ ಕೂಡ ಕಡಲೆಕಾಯಿ ಒಣಗಲು ಹಾಕುವಾಗ, "ನಾ ಚಾಪೆ ಬಾಗೇಪಲ್ಲಿ ಮೀದ ಪಡಿಂದಾ?" ಚಾಪೆ ಬಾಗೇಪಲ್ಲಿಯ ಮೇಲೆ ಬಿತ್ತೇ ಎಂದು ಕೇಳಿ ಸರಿಸಿಕೊಳ್ಳುತ್ತಿದ್ದಳು.

ಆಯುಧಪೂಜೆಗೆ ಬಿಚ್ಚಾಣಿಕೆ ಮನೆಗಳೆಲ್ಲ ನಿಲ್ಲುತ್ತವೆ. ಪೂಜೆ ಮಾಡಿದ ಯಂತ್ರವನ್ನು ಮಾರನೇ ದಿನವೂ ಯಾರೂ ಮುಟ್ಟುವುದಿಲ್ಲ, ಸಾಬರ ಯಂತ್ರವಾದರೂ ಅಷ್ಟೇ. ಆ ವಿಜಯದಶಮಿಯ ದಿನ ಆದಿಲಕ್ಷ್ಮಿ, ನಲ್ಲಪ್ಪ, ಐದು ಮಕ್ಕಳು ಬುತ್ತಿ ಕಟ್ಟಿಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರು. ಅಲ್ಲಿಂದ ನಡೆದು ಸ್ಕಂದಗಿರಿ ಏರಿದರು. ನಲ್ಲಪ್ಪ ಕಂಬ ಹತ್ತಿ ರೂಢಿಯಾದವನು, ಆದರೂ ಅರ್ಧದಲ್ಲೇ ಬಂಡೆಗೊರಗಿ, "ಇಲ್ಲಿಂದ ಕಾಣಲ್ವಾ ನಿನ್ ಜಿಲ್ಲೆ?" ಎಂದ. ಮಕ್ಕಳು ಅವನನ್ನು ಹಿಂದೆ ಹಾಕಿ ಓಡಿದವು.

ಮೇಲೆ ಗಾಳಿ ಜೋರಾಗಿತ್ತು. ಎದುರಿಗೆ, ದಕ್ಷಿಣಕ್ಕೆ, ನಂದಿಬೆಟ್ಟ. ಗಂಗರತ್ನ ಅದಕ್ಕೆ ಮುಖ ಮಾಡಿ ಕೋಟೆಗೋಡೆಯ ಕಲ್ಲೊಂದರ ಮೇಲೆ ನಿಂತಳು. ಎಡಗೈ ಚಾಚಿದಳು. ಆ ಕಡೆ ಚಿಕ್ಕಬಳ್ಳಾಪುರದ ಹೆಂಚುಗಳು ಹೊಳೆಯುತ್ತಿದ್ದವು, ಅದರಾಚೆ ಮಂಜಿನಲ್ಲಿ ಶಿಡ್ಲಘಟ್ಟ. ತಿರುಗದೆಯೇ ಬಲಗೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಮಾಡಿದಳು. "ಗೌರಿಬಿದನೂರು." ನಲ್ಲಪ್ಪ ತಿರುಗಿ ಅವಳ ಬೆರಳು ತೋರಿಸಿದ ಕಡೆ ನೋಡಿದ. ಆ ಕಡೆಯ ಲೈನುಗಳಲ್ಲಿ ಅವನು ಕೆಲಸ ಮಾಡಿದ್ದ. ಸರಿಯಾಗಿತ್ತು.

"ಅಮ್ಮಾ, ನಮ್ ಅಂಗಳದ ಥರಾನೇ ಇದೆ," ಎಂದಳು ಗಂಗರತ್ನ.

ಆದಿಲಕ್ಷ್ಮಿ ಬುತ್ತಿಯ ಗಂಟು ಬಿಚ್ಚುತ್ತ ತಲೆ ತಗ್ಗಿಸಿಕೊಂಡೇ ಇದ್ದಳು. ಮುಖದ ಮೇಲಿನ ನಗುವನ್ನು ಮಕ್ಕಳು ನೋಡುವುದು ಅವಳಿಗೆ ಬೇಕಿರಲಿಲ್ಲ. ಪರೀಕ್ಷೆ ಇನ್ನೂ ಮುಂದಿತ್ತು.

ದೀಪಾವಳಿ ಆದ ಮೇಲಿನ ಆ ಸೋಮವಾರ ಎಇಒ ಆಫೀಸಿನ ಜಗುಲಿಯಲ್ಲಿ ಅವಳು, ನಲ್ಲಪ್ಪ, ದಸ್ತಗಿರ್ ಕಿಟಕಿಯ ಹತ್ತಿರ ನಿಂತಿದ್ದರು. ಒಳಗೆ ಮಕ್ಕಳು ನೆಲದ ಮೇಲೆ ದೂರ ದೂರ ಕೂತಿದ್ದವು. ಮೇಜಿನ ಹಿಂದೆ ರಾಮಾಂಜಿನಪ್ಪನವರು, ಪಕ್ಕದ ಕುರ್ಚಿಯಲ್ಲಿ ವೆಂಕಟರಾಯಪ್ಪ ಮೇಷ್ಟ್ರು. ಹಾಜರಿ ಪುಸ್ತಕ ತನ್ನಿ ಎಂದು ಅವರಿಗೆ ಹೇಳಿಕಳಿಸಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದರು.

ಉಕ್ತಲೇಖನ ಆಯಿತು. ಲೆಕ್ಕ ಆಯಿತು, ಅದು ಎಷ್ಟು ಬೇಗ ಆಯಿತೆಂದರೆ ಸಾಹೇಬರು ಇನ್ನೆರಡು ಕಷ್ಟದ್ದು ಹಾಕಿದರು. ದಸ್ತಗಿರ್ ಕಿಟಕಿಯ ಸರಳು ಹಿಡಿದು ಒಂದೊಂದಕ್ಕೂ ತುಟಿಯಲ್ಲೇ ಉತ್ತರ ಹೇಳಿಕೊಳ್ಳುತ್ತಿದ್ದ. ಕೊನೆಗೆ ಸಾಹೇಬರು ಒಬ್ಬೊಬ್ಬರಿಗೆ ಒಂದೊಂದು ಖಾಲಿ ಹಾಳೆ ಕೊಟ್ಟರು. ನಿಮ್ಮ ಜಿಲ್ಲೆಯ ನಕ್ಷೆ ಬರೆದು ತಾಲ್ಲೂಕುಗಳನ್ನು ಗುರುತಿಸಿ.

ಆದಿಲಕ್ಷ್ಮಿ ನೆಮ್ಮದಿಯಿಂದ ಸೆರಗು ಸರಿಮಾಡಿಕೊಂಡಳು. ಇದೊಂದಕ್ಕೆ ಅವಳಿಗೆ ಭಯವಿರಲಿಲ್ಲ.

ಹಾಳೆಗಳು ಮೇಜಿಗೆ ಬಂದವು. ಸಾಹೇಬರು ಮೊದಲನೆಯದನ್ನು ನೋಡಿ ಹುಬ್ಬೇರಿಸಿದರು. ಎರಡನೆಯದನ್ನು ನೋಡಿದರು. ಐದನ್ನೂ ಮೇಜಿನ ಮೇಲೆ ಇಸ್ಪೀಟಿನಂತೆ ಹರಡಿದರು. ಮೇಷ್ಟ್ರು ಬಗ್ಗಿ ನೋಡಿ ನಕ್ಕುಬಿಟ್ಟರು.

"ತಲೆಕೆಳಗು ಸಾರ್. ಬಾಗೇಪಲ್ಲಿ ಕೆಳಗಿದೆ, ಮಾಲೂರು ಮೇಲಿದೆ. ಮನೇಲಿ ಕಲ್ತಿದ್ದು ಅಂದ್ರೆ ಇದೇ."

"ತಪ್ಪು ಬರೆದ್ರೆ ಬರೀಲಿ ಮೇಷ್ಟ್ರೇ. ಐದು ಜನಾನೂ ಒಂದೇ ತಪ್ಪು ಬರೆದಿದ್ದಾರೆ, ಅದನ್ನ ನೋಡಿ."

"ಒಬ್ಬಳು ಬರ್ದಿದ್ದಾಳೆ, ಮಿಕ್ಕೋರು ಇಳಿಸ್ಕೊಂಡಿದ್ದಾರೆ. ಲೆಕ್ಕಾನೂ ಹಂಗೇ ಮಾಡಿರ್ತಾರೆ."

ಜಗುಲಿಯಲ್ಲಿ ಆದಿಲಕ್ಷ್ಮಿಯ ಕಣ್ಣಿಗೆ ತನ್ನ ಅಂಗಳ ಬಂದು ನಿಂತಿತು. ತಿರುಗಿಸಿ ಹಿಡಿದ ಪುಸ್ತಕ, ಚರಂಡಿ, ಹೊಸ್ತಿಲ ಮೇಲೆ ಒರಗಿಕೊಂಡು ನಿಂತ ಮಕ್ಕಳು. ಬಾಗೇಪಲ್ಲಿ ಹೊಸ್ತಿಲ ಹತ್ತಿರ, ಅವರ ಕಾಲ ಬುಡದಲ್ಲಿ. ಮಾಲೂರು ದೂರ, ಚರಂಡಿಯ ಅಂಚಿಗೆ. ಒಂಬತ್ತು ವಾರ ಅವು ಜಿಲ್ಲೆಯನ್ನು ಆ ಕಡೆಯಿಂದಲೇ ನೋಡಿದ್ದವು. ಪುಸ್ತಕದಲ್ಲಿ ಉತ್ತರ ಮೇಲಿರುತ್ತದೆಂದು ಅವಳಿಗೆ ಗೊತ್ತಿತ್ತು, ಹೈಸ್ಕೂಲಿನಲ್ಲಿ ಹತ್ತಾರು ಸಲ ಬರೆದಿದ್ದಳು. ಮಕ್ಕಳಿಗೆ ಹೇಳಬೇಕೆಂದು ಹೊಳೆದೇ ಇರಲಿಲ್ಲ.

"ಏನೇ ಅದು?" ನಲ್ಲಪ್ಪ ಪಿಸುಗುಟ್ಟಿದ. "ಕಾಪಿ ಹೊಡೆದ್ವಾ?"

"ಇಲ್ಲ. ನಾನ್ ಮಾಡಿದ್ದು."

"ಹೇಳು ಮತ್ತೆ, ಒಳಗೆ ಹೋಗಿ ಹೇಳು."

ಅವಳು ಒಂದು ಹೆಜ್ಜೆ ಇಟ್ಟಳು. ತಾಯಿ ಬಂದು ಹೇಳಿದರೆ ಅದಕ್ಕೇನು ಬೆಲೆ, ಹೇಳಿಕೊಟ್ಟಳು ಎನ್ನುತ್ತಾರೆ. ಅಲ್ಲೇ ನಿಂತು ಕಿಟಕಿಯ ಸರಳನ್ನು ಹಿಡಿದಳು. ಸಾಹೇಬರು ಕೆಂಪು ಪೆನ್ನಿನ ಮುಚ್ಚಳ ತೆಗೆದಾಗಿತ್ತು.

"ತಲೆಕೆಳಗಿಲ್ಲ ಸಾರ್," ಎಂದಳು ಗಂಗರತ್ನ.

ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. "ಏನಮ್ಮ?"

"ನೀವು ಚರಂಡಿ ಕಡೆಯಿಂದ ನೋಡ್ತಿದೀರ. ಹೊಸ್ತಿಲ ಕಡೆಯಿಂದ ನೋಡ್ಬೇಕು."

ಮೇಷ್ಟ್ರು ಮತ್ತೆ ನಗಲು ಹೊರಟರು. ಗಂಗರತ್ನ ಎದ್ದು ಬಂದು ಮೇಜಿನ ಮೇಲಿದ್ದ ತನ್ನ ಹಾಳೆಯನ್ನು ತೆಗೆದುಕೊಂಡಳು. ಯಾರನ್ನೂ ಕೇಳಲಿಲ್ಲ. ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಬಿದ್ದಿತ್ತು. ಅದನ್ನು ಒಂದು ಕ್ಷಣ ನೋಡಿ ದಿಕ್ಕು ಹಿಡಿದು, ಹಾಳೆಯನ್ನು ನೆಲಕ್ಕಿಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸಿ ನಿಲ್ಲಿಸಿದಳು.

"ಈಗ ಬನ್ನಿ ಸಾರ್. ನಾವಿರೋದು ಇಲ್ಲಿ, ಶಿಡ್ಲಘಟ್ಟ. ಇದು ಚಿಂತಾಮಣಿ. ಚಿಂತಾಮಣಿ ಆ ಕಡೆಗೇ ಇದೆ," ಎಂದು ಗೋಡೆಯ ಕಡೆ ಬೆರಳು ತೋರಿಸಿದಳು. "ಇದು ಚಿಕ್ಕಬಳ್ಳಾಪುರ. ಅದು ಈ ಕಡೆಗಿದೆ. ನಡ್ಕೊಂಡ್ ಹೋದ್ರೆ ಸಿಗುತ್ತೆ."

ರಾಮಾಂಜಿನಪ್ಪನವರು ಕುರ್ಚಿ ಹಿಂದೆ ತಳ್ಳಿ ಎದ್ದು ಬಂದರು. ಮಂಡಿಯ ಮೇಲೆ ಕೈಯೂರಿ ಬಗ್ಗಿದರು. ಹಾಳೆ ನೋಡಿದರು, ಗೋಡೆ ನೋಡಿದರು, ಹಾಳೆಯನ್ನು ಸುತ್ತಿ ಇನ್ನೊಂದು ಕಡೆಗೆ ಹೋಗಿ ನಿಂತು ಮತ್ತೆ ನೋಡಿದರು.

"ಎಲ್ರೂ ಎದ್ದು ನಿಂತ್ಕೊಳ್ಳಿ," ಎಂದರು. "ಕಣ್ಮುಚ್ಚಿ. ನಾನು ಊರು ಹೇಳ್ತೀನಿ, ಕೈ ತೋರಿಸ್ಬೇಕು. ಕೋಲಾರ."

ಐದು ಕೈಗಳು ಒಟ್ಟಿಗೇ ಎದ್ದು ಕೋಣೆಯ ಒಂದೇ ಮೂಲೆಗೆ ನಿಂತವು.

"ಗೌರಿಬಿದನೂರು."

ಐದು ಕೈಗಳೂ ಎದುರು ಮೂಲೆಗೆ ತಿರುಗಿದವು. ಷಮೀಮ್‌ಳ ಬಳೆ ಸದ್ದಾಯಿತು. ದಸ್ತಗಿರ್ ಜಗುಲಿಯಲ್ಲಿ ತನಗೆ ಗೊತ್ತಿಲ್ಲದೆಯೇ ಅದೇ ಕಡೆ ಕೈ ಎತ್ತಿದ್ದ.

ಸಾಹೇಬರು ಮೇಜಿಗೆ ಹಿಂತಿರುಗಿ ಹಾಜರಿ ಪುಸ್ತಕ ತೆರೆದರು. ಗಂಗರತ್ನಳ ಹೆಸರಿನ ಮುಂದೆ ಜುಲೈಯಿಂದ ಇಲ್ಲಿಯ ತನಕ ಒಂದು ದಿನವೂ ಬಿಡದೆ ಹಾಜರಿ ಬಿದ್ದಿತ್ತು. ಅವಳು ಶಾಲೆ ಬಿಟ್ಟ ಮೇಲೂ ಮೇಷ್ಟ್ರು ಗುರುತು ಹಾಕುತ್ತಲೇ ಬಂದಿದ್ದರು.

"ಮೇಷ್ಟ್ರೇ, ಇವಳು ದಿನಾ ನಿಮ್ಮ ಕ್ಲಾಸಲ್ಲೇ ಇದ್ದಾಳೆ. ಅಂದ್ರೆ ಇದನ್ನೆಲ್ಲಾ ಕಲಿಸಿದ್ದು ನೀವೇ."

ಮೇಷ್ಟ್ರು ಅಂಗಿಯ ಮಡಿಕೆ ಸರಿಮಾಡಿಕೊಂಡರು.

"ಗುಡಿಬಂಡೆ ಯಾವ ಕಡೆ ಬರತ್ತೆ?"

ವೆಂಕಟರಾಯಪ್ಪ ಮೇಷ್ಟ್ರು ಕೈ ಎತ್ತಿದರು. ಅದು ಕಿಟಕಿಯ ಕಡೆ ಹೋಯಿತು, ಅಲ್ಲಿಂದ ಬೀರುವಿನ ಕಡೆ, ಕೊನೆಗೆ ಬಾಗಿಲ ಕಡೆ ನಿಂತಿತು. ಕಣ್ಣು ಬಿಟ್ಟಿದ್ದ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡವು. ಸಾಹೇಬರು ಹಾಜರಿ ಪುಸ್ತಕವನ್ನು ಮುಚ್ಚಿ, ವಾಪಸು ಕೊಡದೆ, ತಮ್ಮ ಡ್ರಾಯರಿನೊಳಗಿಟ್ಟು ಬೀಗ ಹಾಕಿದರು.

ಆಮೇಲೆ ಗಂಗರತ್ನಳನ್ನು ಹತ್ತಿರ ಕರೆದರು.

"ಪುಸ್ತಕದಲ್ಲಿ ಉತ್ತರ ದಿಕ್ಕು ಯಾವಾಗ್ಲೂ ಮೇಲಿರತ್ತೆ ಕಣಮ್ಮ. ಅದು ಗೊತ್ತಿರ್ಬೇಕು. ಅದಕ್ಕೆ ಹತ್ತಕ್ಕೆ ಆರೇ ಕೊಟ್ಟಿದ್ದೀನಿ ಎಲ್ರಿಗೂ."

"ಯಾಕೆ ಮೇಲಿರತ್ತೆ ಸಾರ್?"

ಸಾಹೇಬರು ಯೋಚಿಸಿದರು. "ಯಾರೋ ಹಂಗೆ ಬರೆದ್ರು. ಎಲ್ರೂ ಹಂಗೇ ಬರ್ಕೊಂಡ್ ಬಂದ್ರು."

"ಸರಿ ಸಾರ್. ಹಂಗೂ ಬರೀತೀನಿ."

ಆರ್ಡರು ಐದು ಹೆಸರಿಗೂ ಬಂತು. ಜಗುಲಿಯಲ್ಲಿ ಅದನ್ನು ಕೈಗೆ ಕೊಡುವಾಗ ರಾಮಾಂಜಿನಪ್ಪನವರು ಆದಿಲಕ್ಷ್ಮಿಯ ಬೆರಳುಗಳನ್ನು ನೋಡಿದರು. "ನೀನು ಎಲ್ಲಿವರೆಗೆ ಓದಿದ್ದೀಯಮ್ಮ?" ಎಂದು ಕೇಳಿದರು.

"ಎಸ್ಸೆಸ್ಸೆಲ್ಸಿ ಸಾರ್." ಈ ಸಲ ಅವಳು ಅದನ್ನು ಗಟ್ಟಿಯಾಗಿ, ಮೇಷ್ಟ್ರು ಮೆಟ್ಟಿಲಿಳಿಯುವುದು ನಿಲ್ಲುವಷ್ಟು ಗಟ್ಟಿಯಾಗಿ ಹೇಳಿದಳು.

ಕೇರಿಗೆ ಬಂದಾಗ ಮಧ್ಯಾಹ್ನದ ಬಿಸಿಲು. ಬಿಸ್ಮಿಲ್ಲಾ ಬೀ ಬಾಗಿಲಲ್ಲೇ ಕಾಯುತ್ತಿದ್ದಳು. ಸುದ್ದಿ ಕೇಳಿ ಐದು ಬಾಯಿಗೂ ಒಂದೊಂದು ಚೂರು ಬೆಲ್ಲ ತುರುಕಿ, "ನನ್ ಗೋಡೆ ಸುಣ್ಣ ಈಗ್ಲಾದ್ರೂ ವಾಪಸ್ ಕೊಡಿ," ಎಂದಳು. ನಲ್ಲಪ್ಪ ಅರ್ಧ ದಿನದ ರಜೆ ಮುಗಿಯಿತೆಂದು ಸೈಕಲ್ಲು ಹತ್ತಿದ. ಹೋಗುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಏನೋ ಹೇಳುತ್ತಿದ್ದ.

ಅಂಗಳದಲ್ಲಿ ಭಾನುವಾರ ಬರೆದ ಜಿಲ್ಲೆ ಇನ್ನೂ ಅಳಿಯದೆ ಇತ್ತು. ಮಗಳು ಅದನ್ನು ತುಳಿಯದಂತೆ ಅಂಚಿನಲ್ಲಿ ನಡೆದು ಮನೆಗೆ ಹೋದಳು. ಆದಿಲಕ್ಷ್ಮಿ ಹೋಗಲಿಲ್ಲ. ಚರಂಡಿಯ ಆಚೆ ರಸ್ತೆಯಲ್ಲೇ ನಿಂತು, ಮನೆಯ ಕಡೆ ತಿರುಗಿದಳು. ಇಷ್ಟು ದಿನದಲ್ಲಿ ಅವಳು ಒಂದು ಸಲವೂ ಇಲ್ಲಿ ನಿಂತು ನೋಡಿರಲಿಲ್ಲ.

"ಏಮಿ ಚೂಸ್ತಾವೇ?" ಏನು ನೋಡ್ತಿದ್ದೀಯೆ ಎಂದು ಪೆದ್ದಮ್ಮ ಕೇಳಿದಳು.

ಅವಳು ಜಿಲ್ಲೆಯ ಕಡೆ ಕೈ ತೋರಿಸಿದಳು. ಕಾಲ ಬುಡದಲ್ಲಿ ಮಾಲೂರು, ಬಂಗಾರಪೇಟೆ. ಬಲಕ್ಕೆ ಚಿಂತಾಮಣಿ, ಎಡಕ್ಕೆ ಚಿಕ್ಕಬಳ್ಳಾಪುರ, ಅದರ ಮೇಲೆ ದೂರದಲ್ಲಿ ಗೌರಿಬಿದನೂರು. ಎಲ್ಲಕ್ಕಿಂತ ಮೇಲೆ ಬಾಗೇಪಲ್ಲಿ. ಅದರಾಚೆ, ಜಿಲ್ಲೆಯ ಗೆರೆ ಮುಗಿಯುವ ಕಡೆ, ಹೊಸ್ತಿಲ ಮೇಲೆ ಅವಳ ಮಗಳು ನಿಂತು ಬೆಲ್ಲ ಚೀಪುತ್ತಿದ್ದಳು.